ಹೊಟ್ಟೆ ಬಿಟ್ಟ ಗೋಡೆ

೭ ಫೆಬ್ರವರಿ ೧೯೭೪, ಗುರುವಾರ

ಕರೇಕಲ್ಲಹಟ್ಟಿಗೆ ಹೋಗಿ ಬಂದೆ. ಹರಿಯಬ್ಬೆ ಬಸ್ಸಿನಲ್ಲಿ ಒಂದು ಕಾಲಿಗೆ ಮಾತ್ರ ಜಾಗ, ಇನ್ನೊಂದು ಕಾಲು ಯಾರದೋ ಕೋಳಿಬುಟ್ಟಿಯ ಮೇಲೆ, ಕ್ಯಾಮರಾ ಚೀಲ ತಲೆಯ ಮೇಲೆ. ಊರಿನ ಭವನ ಸಮಿತಿಯ ಯಜಮಾನ ಚಿತ್ರಲಿಂಗಪ್ಪ ಬೇಗ ಬಾ ಎಂದು ಮೂರು ಸಲ ಹೇಳಿ ಕಳಿಸಿದ್ದ. ಹೋದರೆ ಆಸಾಮಿ ಮನೆಯಲ್ಲಿಲ್ಲ. ಒಂದು ಗಂಟೆ ಬಿಸಿಲಲ್ಲಿ ಕಾಯಿಸಿ ಆಮೇಲೆ ಬಂದು, ತಡ ಮಾಡಿದವನು ನಾನೇ ಎನ್ನುವ ಹಾಗೆ ಮಾತಾಡಿದ.

ಊರವರು ಕಟ್ಟಿಸುತ್ತಿರುವ ಭವನದ ಮುಂಗೋಡೆ ಎದ್ದಿದೆ, ಸುಣ್ಣದ ಗಾರೆಯೂ ಆಗಿದೆ. ಮೇಲೆ ತಾರಸಿ ಹಾಕಬಹುದೇ ಎಂದು ಚಿತ್ರಲಿಂಗಪ್ಪನ ಅಳಿಯನನ್ನು ಕೇಳಬೇಕಂತೆ. ಅಳಿಯ ಇಂಜಿನಿಯರು, ಎಲ್ಲೋ ದೂರದ ಡ್ಯಾಮಿನ ಕೆಲಸದಲ್ಲಿದ್ದಾನೆ. ಬರಲು ಪುರುಸೊತ್ತಿಲ್ಲ, ಫೋಟೊ ಕಳಿಸಿ ನೋಡಿ ಹೇಳುತ್ತೇನೆ ಎಂದಿದ್ದಾನೆ. ಹೆಣ್ಣಿನ ಫೋಟೊ ಕಳಿಸುವುದು ಕಂಡಿದ್ದೆ, ಗೋಡೆಯದು ಇದೇ ಮೊದಲು.

ಗೋಡೆಯ ಎದುರಿಗೇ ಹುಣಸೆಮರ. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಬೊಡ್ಡೆ. ಮಾಮೂಲಿ ಲೆನ್ಸಿಗೆ ಅರ್ಧ ಗೋಡೆಯೂ ಸಿಗಲಿಲ್ಲ. ಕೊನೆಗೆ ಹೋದ ದೀಪಾವಳಿಯಲ್ಲಿ ಬೆಂಗಳೂರಿನಿಂದ ತಂದ ವೈಡ್ ಲೆನ್ಸನ್ನು ಮುಂದೆ ತಿರುಪಿ ಕೂರಿಸಿದೆ. ಹಿರಿಯೂರು ಪೇಟೆಯಲ್ಲಿ ಅಂಥದ್ದು ಇನ್ನೊಬ್ಬನ ಹತ್ತಿರ ಇಲ್ಲ. ಎರಡೂ ಮೂಲೆ ಒಂದೇ ಪಟದಲ್ಲಿ ಬಂದವು. ಕೊಂಬೆ ಅಡ್ಡ ಬರುತ್ತಿದ್ದರಿಂದ ಕ್ಯಾಮರಾ ಸ್ವಲ್ಪ ಎಡಕ್ಕೆ ತಿರುಗಿಸಬೇಕಾಯಿತು. ಎಡಮೂಲೆ ಒಳಗೆ ಬಂತು, ಬಲಮೂಲೆ ಪಟದ ಅಂಚಿಗೆ ಹೋಯಿತು.

ಮಧ್ಯಾಹ್ನವೇ ಫಿಲ್ಮ್ ತೊಳೆದೆ. ಎಡಮೂಲೆಯ ಪಕ್ಕದಲ್ಲಿ ಮೇಲಿಂದ ಕೆಳಗೆ ಒಂದು ಗೆರೆ. ಬುಡದಲ್ಲಿ ಕಲ್ಲಿನ ರಾಶಿಯ ಹತ್ತಿರ ನಿಂತುಹೋಗಿದೆ. ಕ್ಯಾಮರಾದೊಳಗೆ ಕೂದಲು ಬಿದ್ದಿರಬೇಕು, ಆ ಬಸ್ಸಿನ ಧೂಳಿಗೆ ಇನ್ನೇನಾಗುತ್ತದೆ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಚ್ಚಿದೆ. ನಾನು ಟಚ್ ಮಾಡಿದ್ದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಪ್ರಿಂಟನ್ನು ನನ್ನ ಹೆಂಡತಿ ಅನ್ನಪೂರ್ಣನಿಗೆ ತೋರಿಸಿದೆ. ಗೋಡೆ ಬಸುರಿಯ ಥರ ಕಾಣುತ್ತದಲ್ಲ ಎಂದಳು. ಕೆಲಸ ಗೊತ್ತಿಲ್ಲದವರಿಗೆ ತೋರಿಸಲೇಬಾರದು.

೨೩ ಫೆಬ್ರವರಿ, ಶನಿವಾರ

ಬೆಳಿಗ್ಗೆ ಸ್ಟುಡಿಯೊ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಕೂತಿದ್ದ. ವಯಸ್ಸು ಐವತ್ತೈದರ ಮೇಲೆ, ಸುಣ್ಣ ತಿಂದು ಒಡೆದ ಕೈ. ಹೆಸರು ಮಾರಪ್ಪ, ಹೊಳಲ್ಕೆರೆ ಕಡೆಯವನು. ಆ ಭವನದ ಗೋಡೆ ಕಟ್ಟಿದ ಗಾರೆಯವನು ಇವನೇ ಅಂತೆ.

ಗೋಡೆ ಈಗ ಇಲ್ಲ. ಅಳಿಯನಿಂದ ಕಾಗದ ಬಂದಿದೆ. ಎರಡೂ ಮೂಲೆ ಹೊಟ್ಟೆ ಬಿಟ್ಟಿವೆ, ಬಲಮೂಲೆಯಂತೂ ನಡುವಿನಲ್ಲಿ ಎರಡೂಮುಕ್ಕಾಲು ಇಂಚು ಹೊರಕ್ಕೆ ತಳ್ಳಿದೆ, ಇದರ ಮೇಲೆ ತಾರಸಿ ಹಾಕಿದರೆ ಜನ ಸಾಯುತ್ತಾರೆ, ಕೆಡವಿ ಎಂದು ಬರೆದಿದ್ದಾನಂತೆ. ಮೊನ್ನೆ ಒಂದೇ ಬೆಳಗಿನಲ್ಲಿ ಹಾರೆ ಹಾಕಿ ಕೆಡವಿದ್ದಾರೆ.

ಇದಕ್ಕೆ ನಾನೇನು ಮಾಡಲಿ ಎಂದೆ. ಅವನು ಎದ್ದು ನಿಂತ. “ನಿಮ್ಮ ಪಟ ಸುಳ್ಳು ಹೇಳೈತೆ ಸಾಮಿ. ನನ್ನ ಗೋಡೆಗೆ ಹೊಟ್ಟೆ ಇರಲಿಲ್ಲ.”

ಹದಿನಾಲ್ಕು ವರ್ಷದಿಂದ ಸ್ಟುಡಿಯೊ ಇಟ್ಟಿದ್ದೇನೆ. ಮೂಗು ಸೊಟ್ಟ ಬಂತು ಎಂದು ಜಗಳ ತೆಗೆದವರಿದ್ದಾರೆ, ಸುಳ್ಳು ಅಂದವರಿಲ್ಲ. ಕ್ಯಾಮರಾಕ್ಕೆ ನಿನ್ನ ಮೇಲೇನು ದ್ವೇಷವೇ, ಇದ್ದದ್ದು ಇದ್ದ ಹಾಗೆ ತೋರಿಸಿದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವನು ಎಡಮೂಲೆ, ನೂಲು ಎಂದು ಏನೇನೋ ಹೇಳುತ್ತಿದ್ದ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎದುರು ಕೂಗಿದ್ದರೆ ನನ್ನ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತು. ಅವನು ತಲೆಗೆ ಟವಲು ಸುತ್ತಿಕೊಂಡು ಹೋದ. ಮಧ್ಯಾಹ್ನದ ಊಟ ಸೇರಲಿಲ್ಲ.

೨೪ ಫೆಬ್ರವರಿ, ಭಾನುವಾರ

ಅನ್ನಪೂರ್ಣ ಬೇಕೆಂದೇ ಆಲ್ಬಮ್ ತೆರೆದಿಟ್ಟು ಹೋಗಿದ್ದಾಳೆ. ಭೀಮಸಮುದ್ರದ ಮದುವೆ ಫೋಟೊ, ಅದೇ ವೈಡ್ ಲೆನ್ಸಿನದು. ಪಕ್ಕದ ಕಂಬ ಬಿಲ್ಲಿನ ಹಾಗೆ ಬಾಗಿದೆ. ಗಿರಾಕಿಗೆ ಕೊಡುವಾಗ ಕಂಬ ಕಾಣದಂತೆ ಅಂಚು ಕತ್ತರಿಸಿದ್ದೆ. ಅದು ಬೇರೆ ವಿಷಯ. ಮದುವೆಯಲ್ಲಿ ಕಂಬ ಯಾರು ನೋಡುತ್ತಾರೆ.

೨೬ ಫೆಬ್ರವರಿ, ಮಂಗಳವಾರ

ಆ ಗಾರೆಯವನ ಬಾಯಿ ಮುಚ್ಚಿಸಲೆಂದೇ ಬೆಳಿಗ್ಗೆ ಎದುರಿನ ಬ್ಯಾಂಕಿನ ಹೊಸ ಬಾಗಿಲ ಚೌಕಟ್ಟಿನ ಫೋಟೊ ತೆಗೆದೆ. ಬಡಗಿ ಮಟ್ಟಗೋಲು ಇಟ್ಟು ಕೂರಿಸಿದ್ದನ್ನು ನಾನೇ ಕಂಡಿದ್ದೇನೆ. ಪಟದ ನಡುವಿಗೆ ಇಟ್ಟಾಗ ನೆಟ್ಟಗೆ ಬಂತು. ಅಂಚಿಗೆ ಇಟ್ಟಾಗ ಬಾಗಿಲು ಹೊಟ್ಟೆ ಬಿಟ್ಟಿತು. ಮೂರು ಸಲ ತೆಗೆದೆ, ಮೂರು ಸಲವೂ ಅದೇ.

ಆ ಲೆನ್ಸ್ ಮಾರಿದವನು ಎದುರಿಗಿದ್ದಿದ್ದರೆ ಅದನ್ನು ಅವನ ಬಾಯಿಗೇ ತಿರುಪುತ್ತಿದ್ದೆ. ಫಸ್ಟ್ ಕ್ಲಾಸ್ ಗ್ಲಾಸು ಅಂದಿದ್ದ, ಬೇವಾರ್ಸಿ.

೨ ಮಾರ್ಚ್, ಶನಿವಾರ

ಚಿತ್ರಲಿಂಗಪ್ಪನ ಮನೆಗೆ ಹೋಗಿ ಹೇಳಿದೆ. ಲೆನ್ಸು ಅಂಚಿನಲ್ಲಿ ಸ್ವಲ್ಪ ಬಗ್ಗಿಸುತ್ತದೆ, ಗೋಡೆಯ ತಪ್ಪು ಅಷ್ಟೂ ಇರಲಿಕ್ಕಿಲ್ಲ ಎಂದೆ. ಮಂಚದ ಮೇಲೆ ಕೂತವನು ಅಡಿಕೆ ಕತ್ತರಿಸುವುದನ್ನೂ ನಿಲ್ಲಿಸಲಿಲ್ಲ.

“ಸರಿನಪ್ಪ. ಲೆನ್ಸು ಬಗ್ಗಿಸಿದ್ದು ಎಷ್ಟು, ಗೋಡೆ ಬಗ್ಗಿದ್ದು ಎಷ್ಟು, ಬಿಡಿಸಿ ಹೇಳು. ನಾಳೆ ಇನ್ನೊಂದೂರಾಗೆ ಇವನು ಕಟ್ಟಿದ್ದು ಬಿದ್ದು ಜನ ಸತ್ರೆ ಯಾರು ಜವಾಬ್ದಾರಿ?”

ಗೋಡೆ ಇದ್ದಿದ್ದರೆ ನೂಲಿಗೆ ತೂಗುಗುಂಡು ಕಟ್ಟಿ ಇಳಿಬಿಟ್ಟು ಎರಡು ನಿಮಿಷದಲ್ಲಿ ತೋರಿಸಬಹುದಿತ್ತು. ಈಗ ಅದರ ಸಾಕ್ಷಿ ಎಂದು ಉಳಿದಿರುವುದು ಈ ಲೋಕದಲ್ಲಿ ನನ್ನ ನೆಗೆಟಿವ್ ಒಂದೇ.

ಇನ್ನೊಂದು ವಿಷಯ ತಿಳಿಯಿತು. ಹೊರಕೆರೆದೇವಪುರದಲ್ಲಿ ಒಂದು ಛತ್ರ ಕಟ್ಟುವ ಕೆಲಸ ಮಾರಪ್ಪನಿಗೆ ಒಪ್ಪಿಸಿದ್ದಾರೆ, ಮಳೆಗಾಲದ ಮೊದಲು ಶುರು. ಮಾರ್ಚ್ ಮೂವತ್ತೊಂದಕ್ಕೆ ಕರೇಕಲ್ಲಹಟ್ಟಿಯಲ್ಲಿ ಭವನ ಸಮಿತಿಯ ಸಭೆ. ಇವನ ಕೈಗೆ ಕೆಲಸ ಕೊಡಬೇಡಿ ಎಂದು ಆ ಛತ್ರದವರಿಗೂ ಸುತ್ತಲಿನ ಊರುಗಳಿಗೂ ಕಾಗದ ಬರೆಯುತ್ತಾರಂತೆ. ಕಾಗದದ ಜೊತೆಗೆ ನಾನು ತೆಗೆದ ಫೋಟೊ. ಇನ್ನೂ ಆರು ಪ್ರಿಂಟು ಹಾಕಿ ಕೊಡು ಎಂದು ನನಗೇ ಹೇಳಿದ. ಹೂಂ ಅಂದು ಬಂದೆ. ಯಾಕೆ ಹೂಂ ಅಂದೆನೋ.

೫ ಮಾರ್ಚ್, ಮಂಗಳವಾರ

ಹೊಸದುರ್ಗಕ್ಕೆ ಹೋಗಿದ್ದೆ. ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟ ರಂಗಯ್ಯ ಮೇಷ್ಟ್ರು ಅಲ್ಲೇ ಇದ್ದಾರೆ, ರಿಟೈರ್ ಆಗಿ ನಾಲ್ಕು ವರ್ಷ. ಇವರ ಮನೆಯ ಮೆಟ್ಟಿಲು ಹತ್ತಬಾರದೆಂದು ಹದಿನೇಳನೇ ವಯಸ್ಸಿನಲ್ಲಿ ಶಪಥ ಮಾಡಿದ್ದೆ. ಹತ್ತಿದೆ.

ಮುದುಕ ಮುಖ ನೋಡಿದ ಕೂಡಲೇ “ಮುರುಗಪ್ಪ. ಹದಿನೆಂಟು” ಅಂದರು. ನೂರಕ್ಕೆ ನಾನು ತೆಗೆದ ಅಂಕ. ಇಪ್ಪತ್ತೊಂದು ವರ್ಷದ ಹಿಂದಿನದು. ಎದ್ದು ಬಂದುಬಿಡಬೇಕು ಅನ್ನಿಸಿತು, ಆದರೆ ವಾಪಸ್ ಬಸ್ಸು ಮೂರು ಗಂಟೆಗೆ.

ಫೋಟೊ ನೋಡಿದ ಮೇಲೆ ಅವರ ಮುಖವೇ ಬೇರೆಯಾಯಿತು. ಈ ಲೆನ್ಸು ಮನಸ್ಸಿಗೆ ಬಂದ ಹಾಗೆ ಬಗ್ಗಿಸುವುದಿಲ್ಲ, ಒಂದು ನಿಯಮಕ್ಕೆ ಕಟ್ಟುಬಿದ್ದು ಬಗ್ಗಿಸುತ್ತದೆ ಎಂದರು. ಪಟದ ನಡುವಿನಲ್ಲಿ ತಪ್ಪಿಲ್ಲ. ನಡುವಿನಿಂದ ದೂರ ಹೋದಷ್ಟೂ ಪ್ರತಿ ಚುಕ್ಕಿಯೂ ತಾನಿರಬೇಕಾದ ಜಾಗದಿಂದ ಒಳಕ್ಕೆ ಸರಿಯುತ್ತದೆ. ದೂರ ಎರಡರಷ್ಟಾದರೆ ಸರಿಯುವುದು ಎರಡರಷ್ಟಲ್ಲ, ಹೆಚ್ಚುಕಡಿಮೆ ಎಂಟರಷ್ಟು. ಆ ನಿಯಮ ಸಿಕ್ಕರೆ ಗೋಡೆಯ ಪ್ರತಿ ಚುಕ್ಕಿಯನ್ನೂ ಅದರ ಸ್ವಂತ ಜಾಗಕ್ಕೆ ತಿರುಗಿ ಕಳಿಸಬಹುದು. ಆಮೇಲೂ ಹೊಟ್ಟೆ ಉಳಿದರೆ ಅದು ಗೋಡೆಯದು.

ನಿಯಮ ಸಿಗಬೇಕಾದರೆ ನೆಟ್ಟಗಿದೆ ಎಂದು ಗ್ಯಾರಂಟಿ ಇರುವ ಗೆರೆಗಳ ಫೋಟೊ ಬೇಕು, ಅದೇ ಲೆನ್ಸು, ಅಷ್ಟೇ ದೂರ, ಕ್ಯಾಮರಾ ಅಷ್ಟೇ ಎಡಕ್ಕೆ ತಿರುಗಿಸಿ. ಅಂಥ ಗೆರೆ ಎಲ್ಲಿಂದ ತರುವುದು ಎಂದೆ. ಅವರು ನನ್ನನ್ನು ಹದಿನೆಂಟು ಅಂಕದವನ ಹಾಗೆ ನೋಡಿ, ಆ ಗಾರೆಯವನನ್ನೇ ಕೇಳಯ್ಯ ಎಂದರು.

೧೦ ಮಾರ್ಚ್, ಭಾನುವಾರ

ಮಾರಪ್ಪನಿಗೆ ಹೇಳಿ ಕಳಿಸಿದ್ದೆ. ಬರುವುದಿಲ್ಲ ಅಂದುಕೊಂಡಿದ್ದೆ, ಮೊದಲ ಬಸ್ಸಿಗೇ ಬಂದ. ಮೇಷ್ಟ್ರೂ ಹಿರಿಯೂರಿನ ಮಗಳ ಮನೆಗೆ ಬಂದು ಉಳಿದಿದ್ದಾರೆ, ಯುಗಾದಿ ಮುಗಿಸಿ ಹೋಗುತ್ತಾರಂತೆ.

ಸ್ಟುಡಿಯೊ ಹಿಂದೆ ಕಡ್ಲೆಕಾಯಿ ಗೋಡೌನಿನ ಉದ್ದ ಗೋಡೆ ಇದೆ. ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ದಾರ ಕಟ್ಟಿ ಚೌಕ ಮಾಡು ಎಂದೆ. ಅವನು ಒಪ್ಪಲಿಲ್ಲ.

“ಅಡ್ಡ ನೂಲು ಎಷ್ಟು ಬಿಗಿದ್ರೂ ನಡುವೆ ಜೋಲುತೈತೆ. ನಿಂತ ನೂಲು ಒಂದೇ ಸುಳ್ಳು ಹೇಳದೇ ಇರೋದು.”

ಮೇಷ್ಟ್ರಿಗೆ ಖುಷಿಯೋ ಖುಷಿ. ನಾನು ನಲವತ್ತು ವರ್ಷ ಹೇಳಿದ್ದು ಇದನ್ನೇ ಎಂದರು. ಇಬ್ಬರೂ ಒಂದಾಗಿಬಿಟ್ಟರು, ನಾನು ಬಿಸಿಲಲ್ಲಿ ಸ್ಟ್ಯಾಂಡು ಹಿಡಿದು ನಿಂತಿದ್ದೆ.

ನಾಲ್ಕು ನಾಲ್ಕು ಅಡಿಗೆ ಒಂದರಂತೆ ಏಳು ನೂಲು, ಪ್ರತಿಯೊಂದರ ತುದಿಗೂ ಗುಂಡು. ಬಿಳಿ ಗೋಡೆಯ ಮೇಲೆ ಕಾಣಲೆಂದು ನೂಲಿಗೆಲ್ಲ ದೀಪದ ಮಸಿ ಉಜ್ಜಿದ. ಆಮೇಲೆ ನೀರು ತುಂಬಿದ ಕೊಳವೆ ಹಿಡಿದು ಮಟ್ಟ ನೋಡಿ, ಎರಡೆರಡು ಅಡಿಗೆ ಒಂದೊಂದು ಗಂಟು ಹಾಕಿದ. ಏಳು ನೂಲು, ನೂಲಿಗೆ ಏಳು ಗಂಟು. ಗಾಳಿ ಬಂದಾಗಲೆಲ್ಲ ಕೈ ಎತ್ತಿ, ತಡೀರಿ ಎನ್ನುತ್ತಿದ್ದ. ಒಂದು ಫೋಟೊಕ್ಕೆ ಮೂರು ಗಂಟೆ. ಇದು ಮದುವೆ ಫೋಟೊ ಆಗಿದ್ದರೆ ಅಷ್ಟರಲ್ಲಿ ಗಂಡಿಗೆ ಮಕ್ಕಳಾಗುತ್ತಿದ್ದವು.

೧೩ ಮಾರ್ಚ್, ಬುಧವಾರ

ಅಳತೆ. ಕಣ್ಣು ಉರಿ. ಮೇಷ್ಟ್ರ ಬೈಗುಳ.

೧೭ ಮಾರ್ಚ್, ಭಾನುವಾರ

ಡಾರ್ಕ್‌ರೂಮಿನಲ್ಲಿ ನೂಲಿನ ಫೋಟೊದ ನೆಗೆಟಿವನ್ನು ಎನ್‌ಲಾರ್ಜರಿಗೆ ಹಾಕಿ ಗ್ರಾಫ್ ಹಾಳೆಯ ಮೇಲೆ ದೊಡ್ಡದಾಗಿ ಬಿಟ್ಟು, ಒಂದೊಂದು ಗಂಟಿನ ಮೇಲೂ ಸೂಜಿಯಿಂದ ಚುಚ್ಚಿದೆ. ನಿನ್ನ ಎನ್‌ಲಾರ್ಜರಿನ ಲೆನ್ಸೂ ಬಗ್ಗಿಸುತ್ತಿಲ್ಲ ಎಂದು ಏನು ಗ್ಯಾರಂಟಿ ಎಂದು ಮೇಷ್ಟ್ರು ಕೇಳಿದರು. ಒಂದು ಹಾಳು ಫಿಲ್ಮಿನ ಮೇಲೆ ಸ್ಕೇಲು ಇಟ್ಟು ಬ್ಲೇಡಿನಿಂದ ಗೆರೆ ಎಳೆದು, ಅದು ಹಾಳೆಯ ಅಂಚಿಗೆ ಬೀಳುವ ಹಾಗೆ ಬಿಟ್ಟು ತೋರಿಸಿದೆ. ನೆಟ್ಟಗೇ ಇತ್ತು. ಅದಾದರೂ ಮರ್ಯಾದೆ ಉಳಿಸಿತು.

ನಡುವಿನ ಗಂಟುಗಳ ಅಂತರವನ್ನು ನಿಜವೆಂದು ಹಿಡಿದು, ಉಳಿದವು ಎಲ್ಲಿರಬೇಕಿತ್ತು, ಎಲ್ಲಿವೆ ಎಂದು ಪಟ್ಟಿ ಮಾಡಿದೆವು. ಮೇಷ್ಟ್ರು ಮೊದಲು ದೂರದ ಘನಕ್ಕೆ ಒಂದು ಸಂಖ್ಯೆ ಗುಣಿಸಿ ನೋಡಿದರು. ನಡುವೆ ಚೆನ್ನಾಗಿ ಕೂತಿತು, ಬಲಗಡೆ ತುದಿಯಲ್ಲಿ ಕೂರಲಿಲ್ಲ. ದೂರದ ಐದನೇ ಘಾತದ್ದೂ ಒಂದು ಪದ ಸೇರಿಸಿದರು. ಈಗ ಎರಡು ಸಂಖ್ಯೆ ಹುಡುಕಬೇಕು. ಒಂದು ಗಂಟಿಗೆ ಸರಿ ಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಅದಕ್ಕೆ ಎಲ್ಲ ಗಂಟುಗಳ ತಪ್ಪಿನ ವರ್ಗ ಮಾಡಿ ಕೂಡಿ, ಆ ಮೊತ್ತ ಅತಿ ಕಡಿಮೆ ಆಗುವ ಜೋಡಿಯನ್ನು ಆರಿಸಬೇಕಂತೆ. ಯಾರಿಗೂ ಪೂರ್ತಿ ನ್ಯಾಯವಿಲ್ಲ, ಯಾರಿಗೂ ದೊಡ್ಡ ಅನ್ಯಾಯವಿಲ್ಲ. ಲಾಗರಿದಮ್ ಪುಸ್ತಕ ಹಿಡಿದು ನಾಲ್ಕು ದಿನ ಗುಣಾಕಾರ. ಎರಡು ಸಲ ನಾನು ತಪ್ಪಿದೆ, ಎರಡು ಸಲವೂ ಅನ್ನಪೂರ್ಣ ಹಿಡಿದಳು. ಇವಳಿಗೆ ಲೆಕ್ಕ ಇಷ್ಟು ಬರುತ್ತದೆಂದು ಮದುವೆಯಾಗಿ ಹನ್ನೆರಡು ವರ್ಷಕ್ಕೆ ಗೊತ್ತಾಯಿತು.

ಸಂಜೆ ಐದಕ್ಕೆ ಸೂತ್ರ ಸಿಕ್ಕಿತು. ನಲವತ್ತೊಂಬತ್ತು ಗಂಟುಗಳಲ್ಲಿ ಒಂದೂ ಕೂದಲೆಳೆಗಿಂತ ಹೆಚ್ಚು ಆಚೀಚೆ ಇಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹದಿನೆಂಟನ್ನು ತಿದ್ದಿ ಮೂವತ್ತೈದು ಮಾಡುತ್ತೀರಾ ಎಂದು ಕೇಳಿದೆ. ಇಲ್ಲ ಅಂದರು.

೨೦ ಮಾರ್ಚ್, ಬುಧವಾರ

ಇವತ್ತು ಗೋಡೆಯದೇ ನೆಗೆಟಿವ್ ಹಾಕಿದೆವು. ಮಾರಪ್ಪನೂ ಬಂದಿದ್ದ. ಡಾರ್ಕ್‌ರೂಮಿನಲ್ಲಿ ಮೂವರು, ಉಸಿರು ಕಟ್ಟುವ ಸೆಕೆ. ಕೆಡವಿಹಾಕಿದ ಗೋಡೆ ಹಾಳೆಯ ಮೇಲೆ ಮೂಡಿದಾಗ ಅವನು ಕೈ ಹಿಂದೆ ಕಟ್ಟಿಕೊಂಡು ನಿಂತ. ಎಡಮೂಲೆಯ ಪಕ್ಕ ಇದೇನು ಗೆರೆ ಎಂದು ಮೇಷ್ಟ್ರು ಕೇಳಿದರು. ಕೂದಲು ಬಿದ್ದಿತ್ತು, ಪೆನ್ಸಿಲ್ ಹೊಡೆದಿದ್ದೇನೆ ಎಂದೆ.

ಮೂಲೆಗಳ ಮೇಲೆ ಅರ್ಧರ್ಧ ಅಡಿಗೆ ಚುಚ್ಚಿ, ಪ್ರತಿ ಚುಕ್ಕಿಯನ್ನೂ ಸೂತ್ರಕ್ಕೆ ಹಾಕಿ ವಾಪಸ್ ಕಳಿಸಿದೆವು. ಎಡಮೂಲೆಯ ಒಂದು ಇಂಚಿನ ಹೊಟ್ಟೆ ಪೂರ್ತಿ ಹೋಯಿತು. ಬಲಮೂಲೆಯ ಎರಡೂಮುಕ್ಕಾಲಿನಲ್ಲಿ ಎರಡೂವರೆ ಹೋಯಿತು. ಕಾಲಿಂಚು ಉಳಿಯಿತು. ಇನ್ನೊಮ್ಮೆ ಅಳೆದರೂ ಕಾಲಿಂಚು.

ಕಾಲಿಂಚು ಏನು ಮಹಾ, ಅದನ್ನೂ ಲೆನ್ಸಿನ ಲೆಕ್ಕಕ್ಕೆ ಸೇರಿಸಿ ಸೊನ್ನೆ ಬರೆಯೋಣ, ಆ ಚಿತ್ರಲಿಂಗಪ್ಪನಿಗೆ ಬಾಯಿ ತೆರೆಯಲು ಸಂದು ಕೊಡುವುದು ಬೇಡ ಎಂದೆ. ಮೇಷ್ಟ್ರು ಮಾತಾಡುವ ಮೊದಲೇ ಮಾರಪ್ಪ ಹಾಳೆಯ ಮೇಲೆ ಬೆರಳಿಟ್ಟ.

“ಇಲ್ಲಿ ಅಲ್ವಾ? ಒಂಬತ್ತನೇ ವರಸೆ. ಅವತ್ತು ಕಲ್ಲು ಸರಿ ಸಿಕ್ಕಿರಲಿಲ್ಲ, ಗಾರೆ ದಪ್ಪ ಮಾಡಿ ಕೂರಿಸ್ದೆ. ಕಾಲಿಂಚು ನಂದು. ಬರ್ಕಳ್ರಿ.”

ಕಾಲಿಂಚಿಗೆ ಗೋಡೆ ಬೀಳುವುದಿಲ್ಲ, ಅದು ಮಾರಪ್ಪನವರಿಗೂ ಗೊತ್ತು, ನಮಗೂ ಗೊತ್ತು. ಆದರೂ ಬರೆಸಿದರು. ಅವರು ಹೋದ ಮೇಲೆ ಯಾರ ಮೇಲೋ ಸಿಟ್ಟು ಬರುತ್ತಲೇ ಇದೆ, ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ. ಅನ್ನಪೂರ್ಣನ ಮೇಲೆ ಸಾರಿಗೆ ಉಪ್ಪು ಹೆಚ್ಚೆಂದು ರೇಗಿದೆ. ಉಪ್ಪು ಸರಿಯಾಗಿತ್ತು.

೨೨ ಮಾರ್ಚ್, ಶುಕ್ರವಾರ

ಗೋಡೌನಿನ ಗೋಡೆಯಿಂದ ನೂಲು ಬಿಚ್ಚಲು ಮಾರಪ್ಪ ಬಂದಿದ್ದರು. ಆರು ನೂಲು ಸುತ್ತಿಟ್ಟು ಏಳನೆಯದನ್ನು ಹಾಗೇ ಬಿಟ್ಟರು. ಯಾಕೆ ಎಂದೆ. ಕೆಲಸ ಒಪ್ಪಿಸುವ ತನಕ ಒಂದು ನೂಲು ಇಳಿಸಬಾರದು, ಅದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿಯಂತೆ. ಯಾರು ಬೇಕಾದರೂ ಬಂದು ಕಣ್ಣಿಟ್ಟು ನೋಡಲಿ ಎಂದು.

ಆ ಭವನಕ್ಕೂ ಬಿಟ್ಟಿದ್ದಿರಾ ಎಂದೆ.

“ಬಿಟ್ಟಿದ್ದೆ. ಎಡಮೂಲ್ಯಾಗೆ. ಮಸಿ ಹಚ್ಚಿದ್ದು.”

ಅಷ್ಟೇ ಹೇಳಿ ಗುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದರು.

ಒಳಗೆ ಬಂದು ಬಾಗಿಲು ಹಾಕಿ, ಹತ್ತಿಗೆ ಸ್ಪಿರಿಟ್ ಹಚ್ಚಿ ನೆಗೆಟಿವ್ ಮೇಲಿನ ಪೆನ್ಸಿಲ್ ತೊಳೆದೆ. ಅದು ಕೂದಲಲ್ಲ. ಮೇಲೆ ಮೊಳೆ ಕಾಣುತ್ತದೆ, ಮೊಳೆಗೆ ಸುತ್ತಿದ ಗಂಟು ಕಾಣುತ್ತದೆ. ಗುಂಡು ಕಲ್ಲಿನ ರಾಶಿಯ ಹಿಂದೆ ಮರೆಯಾಗಿದೆ. ಗೋಡೆಯ ಮೂಲೆ ಎಷ್ಟು ಬಾಗಿದೆಯೋ ನೂಲೂ ಅಷ್ಟೇ ಬಾಗಿದೆ. ಗುಂಡು ಕಟ್ಟಿದ ನೂಲು ಬಾಗುತ್ತದೆಯೇ? ಸಣ್ಣ ಮಗು ನೋಡಿದರೂ ಲೆನ್ಸಿನ ತಪ್ಪು ಎನ್ನುತ್ತಿತ್ತು. ಆ ಅಳಿಯನೂ ಎನ್ನುತ್ತಿದ್ದ. ಗೋಡೆ ನಿಂತಿರುತ್ತಿತ್ತು.

ಬ್ರಹ್ಮನಿಗೂ ಗೊತ್ತಾಗುವುದಿಲ್ಲ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಆ ಹಾಳೆ ಹರಿಯಲು ಹೋದೆ. ಹರಿಯಲಿಲ್ಲ.

೨೪ ಮಾರ್ಚ್, ಭಾನುವಾರ. ಯುಗಾದಿ

ಬೇವು ಬೆಲ್ಲ ಕೊಡುವಾಗ ಅನ್ನಪೂರ್ಣ, ಏನಾಗಿದೆ ಹೇಳಿ ಎಂದಳು. ಹ್ಯಾಗೆ ಗೊತ್ತಾಯಿತೋ. ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ.

ಬೇಕೆಂದು ಅಳಿಸಿದ್ದಲ್ಲ. ಮತ್ತೆ ಸೂತ್ರ ಇದೆ. ಸೂತ್ರವೇ ಸಾಕು. ನೂಲಿನ ಮಾತು ಎತ್ತಿದರೆ ಹಿರಿಯೂರು ಪೇಟೆಯಲ್ಲಿ ಫೋಟೊ ತಿದ್ದಿ ಗೋಡೆ ಕೆಡವಿಸಿದವನು ಎಂದು ಹೆಸರು ಬರುತ್ತದೆ. ಆಮೇಲೆ ಯಾರು ಮಗಳ ಫೋಟೊ ತೆಗೆಸಲು ಬರುತ್ತಾರೆ. ಸೂತ್ರ ಕೊಡುತ್ತೇನೆ, ಮುಗಿಯಿತು.

೨೭ ಮಾರ್ಚ್, ಬುಧವಾರ

ಮುಗಿಯಲಿಲ್ಲ. ಮೇಷ್ಟ್ರು ಚೆಂದದ ಅಕ್ಷರದಲ್ಲಿ ಬರೆದ ಹನ್ನೊಂದು ಹಾಳೆಯನ್ನು ಚಿತ್ರಲಿಂಗಪ್ಪ ತಿರುಗಿಸಿಯೂ ನೋಡಲಿಲ್ಲ. ಘನ ಗಿನ ನನಗೆ ಬ್ಯಾಡ, ನೀನೇ ಪಟ ತೆಗೆದೆ, ಈಗ ನೀನೇ ಲೆಕ್ಕ ಹಾಕಿ ಗೋಡೆ ನೆಟ್ಟಗೆ ಮಾಡ್ತೀಯ, ನಾಳೆ ಗುಡ್ಡಾನೂ ನೆಟ್ಟಗೆ ಮಾಡ್ತೀಯ ಎಂದು ನಕ್ಕ. ಅಲ್ಲಿದ್ದವರೆಲ್ಲ ನಕ್ಕರು. ಆರು ಪ್ರಿಂಟು ಎಲ್ಲಿ ಎಂದ.

ಆ ಹಾಳೆಗಳಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ನಂಬುವವರಿಲ್ಲದಿದ್ದರೆ ಸರಿಯಾದ ಲೆಕ್ಕವೂ ರದ್ದಿ ಕಾಗದವೇ. ಬರುವಾಗ ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಕಾರಣವಿಲ್ಲದೆ ಜಗಳ ಮಾಡಿದೆ.

೨೯ ಮಾರ್ಚ್, ಶುಕ್ರವಾರ

ನೂಲಿನ ಮೇಲೆ ಹದಿನೈದು ಚುಕ್ಕಿ ಚುಚ್ಚಿ ಒಬ್ಬನೇ ಕೂತು ಸೂತ್ರಕ್ಕೆ ಹಾಕಿದೆ. ಹದಿನೈದೂ ಒಂದೇ ಗೆರೆಗೆ ಬಂದು ನಿಂತವು. ಈ ಸೂತ್ರ ಕಟ್ಟುವಾಗ ನಾವು ಈ ನೂಲನ್ನು ನೋಡಿರಲೇ ಇಲ್ಲ. ಸೂತ್ರ ನಿಜ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಎಡಮೂಲೆಗೆ ನೂಲೇ ಸಾಕು, ಬಲಮೂಲೆಗೆ ಸೂತ್ರ ಬೇಕು, ಸೂತ್ರವನ್ನು ಜನ ನಂಬಲು ನೂಲು ಬೇಕು. ನೂಲು ಬೇಕಾದರೆ ಅದು ಎಲ್ಲಿ ಹೋಗಿತ್ತು ಎಂದು ಹೇಳಬೇಕು.

ಕಾಲಿಂಚು ನಂದು ಅಂದರಲ್ಲ ಆ ಮನುಷ್ಯ. ಕೇಳಿದವರೇ ಇರಲಿಲ್ಲ. ಥೂ.

೩೧ ಮಾರ್ಚ್, ಭಾನುವಾರ

ಸಭೆ ಹುಣಸೆಮರದ ಕೆಳಗೇ. ಮರ ಇದೆ, ಗೋಡೆ ಇಲ್ಲ. ಮಾರಪ್ಪ ಒಂದು ಪಕ್ಕಕ್ಕೆ ನೆಲದ ಮೇಲೆ ಕೂತಿದ್ದರು. ಮೇಷ್ಟ್ರೂ ಬಂದಿದ್ದರು. ನಾನು ಎರಡು ಫೋಟೊ ಜಮಖಾನದ ಮೇಲಿಟ್ಟೆ, ಹಳೆಯದು ಒಂದು, ಪೆನ್ಸಿಲ್ ತೊಳೆದ ಮೇಲೆ ಹಾಕಿದ್ದು ಒಂದು. ಎರಡು ಪಟಕ್ಕೂ ಇರುವ ವ್ಯತ್ಯಾಸ ಏನು ಹೇಳಿ ಎಂದೆ. ಯಾರೋ ಒಬ್ಬರು, ಇದರಲ್ಲಿ ಒಂದು ದಾರ ಇದೆ ಎಂದರು.

ಅದು ತೂಗುಗುಂಡಿನ ನೂಲು, ಪಟದಲ್ಲಿ ಅದೂ ಗೋಡೆಯ ಹಾಗೇ ಬಾಗಿದೆ, ನೋಡಿ ಎಂದೆ. ಫೋಟೊ ಕೈಯಿಂದ ಕೈಗೆ ಹೋಯಿತು. ಚಿತ್ರಲಿಂಗಪ್ಪ ಮೂರ್ಖನಲ್ಲ. ಈ ದಾರ ಈಗ ನೀನೇ ಬರೆದದ್ದಲ್ಲ ಎಂದು ಏನು ಗ್ಯಾರಂಟಿ ಎಂದ. ಅದಕ್ಕೆ ನಾನು ಬಾಯಿ ತೆರೆಯುವ ಮೊದಲೇ, ಕೆಲಸಕ್ಕೆ ನೀರು ಹೊರುತ್ತಿದ್ದ ಬೋರಕ್ಕ ಹಿಂದಿನಿಂದ ಎದ್ದಳು.

“ನೂಲು ಇತ್ತು ಯಜಮಾನ್ರೆ. ಬಿಂದಿಗೆ ಹೊತ್ಕೊಂಡು ಹೋಗೋವಾಗ ನನ್ನ ಸೆರಗಿಗೆ ಸಿಕ್ಕಂಡು ಮಸಿ ಆಗಿತ್ತು. ಈ ಮಾರಪ್ಪನತ್ರ ಬೈಸ್ಕೊಂಡಿದ್ದೀನಿ.”

ಆಗ ಚಿತ್ರಲಿಂಗಪ್ಪ ನನ್ನ ಕಡೆ ತಿರುಗಿದ. “ಹಂಗಾದ್ರೆ ನನ್ನ ಅಳಿಯನಿಗೆ ಕಳಿಸಿದ ಪಟದಾಗೆ ಯಾಕಿಲ್ಲ?”

“ನಾನು ಅಳಿಸಿದೆ” ಎಂದೆ.

ಅಳಿಸಿದ್ದು ಯಾಕೆ, ಏನೆಂದು ತಿಳಿದು ಅಳಿಸಿದೆ, ಎಲ್ಲ ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ, ನನಗೆ ಬೇರೆ ಧ್ವನಿ ಬರುವುದಿಲ್ಲ. ಆಮೇಲೆ ಮೇಷ್ಟ್ರು ಸೂತ್ರದ ಹಾಳೆ ಬಿಡಿಸಿ, ಅದೇ ಲೆಕ್ಕ ನೂಲನ್ನು ನೆಟ್ಟಗೆ ಮಾಡುತ್ತದೆ, ಅದೇ ಲೆಕ್ಕ ಬಲಮೂಲೆಯನ್ನೂ ನೆಟ್ಟಗೆ ಮಾಡುತ್ತದೆ, ಕಾಲಿಂಚು ಬಿಟ್ಟು ಎಂದು ತೋರಿಸಿದರು. ಈ ಸಲ ಯಾರೂ ನಗಲಿಲ್ಲ. ಆ ಕಾಲಿಂಚನ್ನು ಯಾರು ಒಪ್ಪಿಕೊಂಡರು ಎಂದೂ ಹೇಳಿದರು.

ಕಾಗದ ಕಳಿಸುವುದು ನಿಂತಿತು. ನನ್ನಿಂದ ಮಾತ್ರ ಒಂದು ಕಾಗದ ಬರೆಸಿಕೊಂಡರು. ಪಟದಲ್ಲಿದ್ದ ನೂಲನ್ನು ನಾನು ಅಳಿಸಿದ್ದರಿಂದ ಗೋಡೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಆಯಿತು ಎಂದು. ರುಜು ಹಾಕಿದೆ. ಗೋಡೆ ಕೆಡವಿದ್ದಕ್ಕೆ ಮಾರಪ್ಪನವರ ಹತ್ತಿರ ಒಬ್ಬರೂ ಒಂದು ಮಾತು ಆಡಲಿಲ್ಲ. ಅದಕ್ಕೆ ಇನ್ನೂ ಮೈ ಉರಿಯುತ್ತಿದೆ.

ಬಸ್ಸಿಗೆ ಕಾಯುವಾಗ ಅವರೂ ಪಕ್ಕದಲ್ಲಿ ಬಂದು ಕೂತರು. ನನ್ನ ತಪ್ಪು ಕ್ಷಮಿಸಬೇಕು ಎಂದು ಹೇಳಲು ಅವರ ಕಡೆ ತಿರುಗಿದೆ.

“ನಂಗೆ ಮೊದ್ಲೇ ಗೊತ್ತಿತ್ತು” ಎಂದರು ಅವರು. “ಇದ್ದ ನೂಲು ಪಟದಾಗೆ ಇಲ್ಲ ಅಂದ್ರೆ ಇನ್ಯಾರು ತೆಗೀತಾರೆ.”

“ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?”

“ಮೊದಲ್ನೇ ದಿನ ಹೇಳಿದ್ನಲ್ರಿ. ನೀವು ಕೂಗಾಡ್ತಿದ್ರಿ.”

೧೯ ಏಪ್ರಿಲ್, ಶುಕ್ರವಾರ

ಎರಡು ಮದುವೆ ಕೈತಪ್ಪಿದವು. ಬಸ್‌ಸ್ಟ್ಯಾಂಡಿನ ಹೊಸ ಸ್ಟುಡಿಯೊಕ್ಕೆ ಹೋಗಿದ್ದಾರೆ. ಹೋಗಲಿ, ಅವನು ಮದುವಣಗಿತ್ತಿಗೆ ಮೀಸೆ ಬರಿಸುತ್ತಾನೆ. ವೈಡ್ ಲೆನ್ಸನ್ನು ಬೀರುವಿನಲ್ಲಿಟ್ಟು, ಡಬ್ಬಿಯ ಮೇಲೆ ಸೂತ್ರ ಬರೆದ ಚೀಟಿ ಅಂಟಿಸಿದ್ದೇನೆ.

ಮಧ್ಯಾಹ್ನ ಮಾರಪ್ಪನವರು ಬಂದಿದ್ದರು. ಹೊರಕೆರೆದೇವಪುರದಲ್ಲಿ ಪಾಯ ತೋಡುವುದು ಶುರುವಾಗಿದೆಯಂತೆ. ಇಷ್ಟು ವಯಸ್ಸಾಯಿತು, ತನ್ನದೊಂದು ಪಟ ಇಲ್ಲ, ತೆಗೀರಿ ಎಂದರು. ಕೂರಿಸಿ ದೀಪ ಹಾಕಿದೆ. ನಗಿ ಎಂದೆ, ನಗಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, “ಏನೂ ಅಳಿಸಬ್ಯಾಡ್ರಿ” ಎಂದರು.

೨೦ ಏಪ್ರಿಲ್, ಶನಿವಾರ

ಫೋಟೊ ಚೆನ್ನಾಗಿ ಬಂದಿದೆ. ಆದರೆ ಎಡಗೆನ್ನೆಯ ಮೇಲೆ ಕಣ್ಣಿನ ಕೆಳಗಿನಿಂದ ತುಟಿಯ ತನಕ ಒಂದು ಸಣ್ಣ ಗೆರೆ. ಕೂದಲು ಬಿದ್ದಿರಬಹುದು. ಹಳೆಯ ಗಾಯದ ಗುರುತೂ ಇರಬಹುದು. ಇಷ್ಟು ದಿನ ಎದುರಿಗೆ ಕೂತು ಕೆಲಸ ಮಾಡಿದ್ದೇವೆ, ಡಾರ್ಕ್‌ರೂಮಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೇವೆ, ಆ ಮನುಷ್ಯನ ಕೆನ್ನೆಯ ಮೇಲೆ ಗಾಯ ಇದೆಯೋ ಇಲ್ಲವೋ ನನಗೆ ನೆನಪಾಗುತ್ತಿಲ್ಲ. ಅನ್ನಪೂರ್ಣನನ್ನು ಕೇಳಿದೆ. ನೀವು ನೋಡಿಲ್ಲವಾ ಎಂದು ನನ್ನನ್ನೇ ಕೇಳಿದಳು.

ಪೆನ್ಸಿಲ್ ಚೂಪು ಮಾಡಿ ಇಟ್ಟುಕೊಂಡಿದ್ದೆ. ಡಬ್ಬಿಗೆ ಹಾಕಿದೆ. ನಾಳೆ ಬೆಳಗಿನ ಬಸ್ಸಿಗೆ ಹೊರಕೆರೆದೇವಪುರಕ್ಕೆ ಹೋಗಿ ಮುಖ ನೋಡಿ ಬರಬೇಕು. ಹೊಳಲ್ಕೆರೆಯಲ್ಲಿ ಬಸ್ಸು ಬದಲಾಯಿಸಬೇಕು, ಅಲ್ಲಿ ಒಂದು ಗಂಟೆ ಕಾಯಿಸುತ್ತಾರೆ ದರಿದ್ರದವರು. ಒಂದು ಕೂದಲಿಗೆ ಎರಡು ಬಸ್ಸು.